ಕಾರಣ ಅನ್ನಬೇಡ, ಜೊತೆಗಿತ್ತು ಅನ್ನು

ಅವರು ಸ್ನೇಹಮಯಿ ಆಗಿರಲಿಲ್ಲ. ಮೊದಲಿಗೇ ಹೇಳಿಬಿಡುವುದು ವಾಸಿ. ಕಳೆದ ತಿಂಗಳು ಮಾಗಡಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಾದ ಮೇಲೊಬ್ಬರು ಅದೇ ಪದಗಳನ್ನು ಹಾಕತೊಡಗಿದರು. ಸ್ನೇಹಮಯಿ, ಹಸನ್ಮುಖಿ, ಮಾತೃಹೃದಯಿ. ಸತ್ತವರಿಗೆ ಉತ್ತರ ಕೊಡುವ ಅವಕಾಶ ಇರುವುದಿಲ್ಲ, ಹಾಗಾಗಿ ಅವರ ಪರವಾಗಿ ನಾನು ಆಕ್ಷೇಪ ಎತ್ತುತ್ತೇನೆ. ಮೂರು ವರ್ಷ ಅವರ ಪಾಠ ಕೇಳಿದ್ದೇನೆ. ಅದರಲ್ಲಿ ಬಹುಪಾಲು ಕಾಲ ಅವರ ರೂಮಿಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರು ನಕ್ಕದ್ದನ್ನು ನೋಡಿದ್ದೇನೆ, ನಿಜ. ಆದರೆ ಯಾರಾದರೂ ತಪ್ಪು ಹೇಳಿ ಸಿಕ್ಕಿಹಾಕಿಕೊಂಡಾಗ ಮಾತ್ರ. ಮಾತೃಹೃದಯ ಇತ್ತೋ ಏನೋ, ಇದ್ದರೂ ಇಂಟರ್ನಲ್ಸ್ ಅಂಕ ಕೊಡುವ ದಿನ ಅದನ್ನು ಎಲ್ಲೋ ಇಟ್ಟು ಬರುತ್ತಿದ್ದರು.

ಚನ್ನಪಟ್ಟಣದ ಒಂದು ಪದವಿ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಆಗ ಐವತ್ತರ ಆಸುಪಾಸು. ಎತ್ತರದ ಒಣಕಲು ಮೈ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಕಿವಿಗೆ ಎರಡು ಚುಕ್ಕಿ. ಪ್ರಶ್ನೆ ಕೇಳಿದರೆ ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಒರೆಸುವುದು. ಹಿಂದಿನ ಬೆಂಚಿನವರು ಇವರಿಗೆ ಉತ್ತರ ಗೊತ್ತಿಲ್ಲ ಅಂತ ಪಿಸುಗುಡುತ್ತಿದ್ದರು. ಎಷ್ಟೋ ಸಲ ಅದೇ ನಿಜವಾಗಿರುತ್ತಿತ್ತು. ಕನ್ನಡಕ ಹಾಕಿಕೊಂಡು, "ನನಗೆ ಗೊತ್ತಿಲ್ಲ. ಯಾರಿಗಾದರೂ ಗೊತ್ತಿದೆಯಾ ಅನ್ನೋದೂ ಗೊತ್ತಿಲ್ಲ" ಅನ್ನುತ್ತಿದ್ದರು. ಮೇಷ್ಟರೊಬ್ಬರು ಹೀಗನ್ನುವುದನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ.

ನಾನು ಆಗ ಚರ್ಚಾಸ್ಪರ್ಧೆಗಳ ಹುಚ್ಚಿನಲ್ಲಿದ್ದೆ. ಬಿಡದಿಯಿಂದ ಕನಕಪುರದವರೆಗೆ ಎಲ್ಲಿ ಸ್ಪರ್ಧೆಯಿದ್ದರೂ ಹೋಗಿ ಕಪ್ ತರುತ್ತಿದ್ದೆ. ಒಮ್ಮೆ ವಿಷಯ, ಆಧುನಿಕ ಜೀವನವೇ ಕ್ಯಾನ್ಸರಿಗೆ ಕಾರಣ. ನಾನು ಪರ. ಕ್ಯಾನ್ಸರ್ ಬಗ್ಗೆ ಇವರು ಏನೋ ಸಂಶೋಧನೆ ಮಾಡಿದ್ದಾರಂತೆ ಎಂದು ಕೇಳಿ ಹೋಗಿ, ಖಾಲಿ ಪ್ರಯೋಗಾಲಯದಲ್ಲಿ ನಿಂತು ಭಾಷಣ ಒಪ್ಪಿಸಿದೆ. ಪೂರ್ತಿ ಕೇಳಿದರು.

"ಎಷ್ಟು ಸಲ ಕಾರಣ ಅಂದೆ?"

"ಎಣಿಸಿಲ್ಲ ಮೇಡಂ."

"ಒಂದು ಕಡೆಯೂ ತೋರಿಸಲಿಲ್ಲ. ಎರಡು ವಿಷಯ ಒಟ್ಟಿಗೆ ಕಂಡವು ಅಂತ ತೋರಿಸಿದೆ, ಅಷ್ಟೆ. ಕಾರಣ ಅನ್ನಬೇಡ, ಜೊತೆಗಿತ್ತು ಅನ್ನು."

"ಹಾಗಂದ್ರೆ ಸೋಲ್ತೀನಿ ಮೇಡಂ."

"ಸೋಲು."

ಸೋಲಲಿಲ್ಲ. 'ಕಾರಣ'ವನ್ನು ಇನ್ನೂ ನಾಲ್ಕು ಕಡೆ ಸೇರಿಸಿ ಗೆದ್ದೆ. ಕಪ್ ತೋರಿಸಲು ಹೋದಾಗ ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ. ಅಕ್ಕಿ ಅಳೆಯೋಕೆ ಬರುತ್ತೆ" ಅಂದರು. ಈಗ ಹೇಳಿ, ಸ್ನೇಹಮಯಿಯೇ?

ಅವರ ಸಂಶೋಧನೆಯ ಕಥೆ ನನಗೆ ತುಂಡು ತುಂಡಾಗಿ ಗೊತ್ತಾದದ್ದು. ಗರ್ಭಕಂಠದ ಕ್ಯಾನ್ಸರ್ ಬೆಳೆಯುವಾಗ ಜೀವಕೋಶದೊಳಗಿನ ಒಂದು ಜಾತಿಯ ಪ್ರೋಟೀನುಗಳು ಏನು ಮಾಡುತ್ತವೆ ಎನ್ನುವುದು ಅವರು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ವರ್ಷಗಟ್ಟಲೆ ಹಿಂದೆ ಬಿದ್ದಿದ್ದ ಪ್ರಶ್ನೆ. ಬಿಸಿ ತಗುಲಿದಾಗ, ವಿಷ ತಗುಲಿದಾಗ, ಉಸಿರು ಸಾಲದಾದಾಗ ಜೀವಕೋಶ ಈ ಪ್ರೋಟೀನುಗಳನ್ನು ಹೆಚ್ಚು ಹೆಚ್ಚು ತಯಾರಿಸಿಕೊಳ್ಳುತ್ತದೆ. ಉಳಿದ ಪ್ರೋಟೀನುಗಳು ಆಕಾರ ಕೆಟ್ಟು ಕುಸಿಯದಂತೆ ಇವು ಹಿಡಿದು ನಿಲ್ಲಿಸುತ್ತವೆ. ಪುಸ್ತಕದಲ್ಲಿ ಇದಕ್ಕೊಂದು ಉದ್ದದ ಹೆಸರಿತ್ತು. ಇವರು ಆಸರೆ ಪ್ರೋಟೀನು ಅನ್ನುತ್ತಿದ್ದರು.

"ಸಾತನೂರು ಬಸ್ಸಿನ ಕಂಡಕ್ಟರ್ ನೋಡಿದೀರಲ್ಲ?" ಅಂತ ಶುರುವಾಯಿತು ಆ ದಿನದ ಪಾಠ. "ಸಂತೆ ದಿನ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅವನು ಒಬ್ಬರನ್ನ ಒಳಗೆ ತಳ್ತಾನೆ, ಒಬ್ಬರ ಮೂಟೆ ಮೇಲಕ್ಕೆ ಹಾಕ್ತಾನೆ, ಮಗೂನ ಯಾರದೋ ತೊಡೆ ಮೇಲೆ ಕೂರಿಸ್ತಾನೆ. ಬಸ್ಸು ಹೋಗುತ್ತೆ. ಅವನಿಲ್ಲದಿದ್ದರೆ ಹೋಗ್ತಿರಲಿಲ್ಲ. ಒಳ್ಳೆಯವನಾ, ಕೆಟ್ಟವನಾ?"

"ಒಳ್ಳೇವ್ನು ಮೇಡಂ!"

"ಸರಿ. ಈಗ ಡ್ರೈವರ್ ಕುಡಿದಿದಾನೆ. ಬ್ರೇಕು ಕಿತ್ತುಹೋಗಿದೆ. ಬಸ್ಸು ನಿಂತೇ ಹೋಗಿದ್ದರೆ ವಾಸಿ ಇತ್ತು. ಆದರೆ ನಮ್ಮ ಕಂಡಕ್ಟರ್ ಅವತ್ತೂ ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡ್ತಿದಾನೆ. ಈಗ?"

ಉತ್ತರಕ್ಕೆ ಕಾಯದೆ ಅವರೇ ಬಿಡಿಸಿ ಹೇಳಿದರು. ವೈರಸ್ಸು ಬಂದು ಜೀವಕೋಶದ ಬ್ರೇಕು ಕೀಳುತ್ತದೆ. ಬಹಳ ಜನರಲ್ಲಿ ಆ ವೈರಸ್ಸು ತಾನಾಗೇ ಹೋಗಿಬಿಡುತ್ತದೆ, ಕೆಲವರಲ್ಲಿ ಉಳಿದು ವರ್ಷಗಳ ಮೇಲೆ ಕ್ಯಾನ್ಸರಾಗುತ್ತದೆ. ಸತ್ತೇ ಹೋಗಬೇಕಿದ್ದ ಆ ಕೆಟ್ಟ ಜೀವಕೋಶವನ್ನೂ ಆಸರೆ ಪ್ರೋಟೀನು ಹಿಡಿದು ನಿಲ್ಲಿಸುತ್ತದೆ, ಯಾಕೆಂದರೆ ಯಾರಿಗೆ ಆಸರೆ ಕೊಡುತ್ತಿದ್ದೇನೆ ಎಂದು ಅದಕ್ಕೆ ತಿಳಿಯುವುದಿಲ್ಲ. ಇಷ್ಟು ಹೇಳಿ, ಇದರಲ್ಲಿ ಎಷ್ಟು ಗಟ್ಟಿ ಎಷ್ಟು ಊಹೆ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಬೇರೆ ಬೇರೆ ಮಾಡಿದರು. ರೋಗ ಬಲಿತ ಅಂಗಾಂಶಗಳಲ್ಲಿ ಈ ಪ್ರೋಟೀನು ಹೆಚ್ಚಿಗೆ ಕಂಡಿತ್ತು. ಎಲ್ಲದರಲ್ಲೂ ಅಲ್ಲ. ಅದೇ ರೋಗವನ್ನು ಮುಂದಕ್ಕೆ ಒಯ್ಯುತ್ತಿತ್ತೋ, ಅಥವಾ ರೋಗ ಹೋದಲ್ಲೆಲ್ಲ ಹಿಂಬಾಲಿಸುತ್ತಿತ್ತೋ, ತನ್ನ ಕೆಲಸದಿಂದ ತೀರ್ಮಾನವಾಗಲಿಲ್ಲ ಎಂದರು. ಪ್ರಬಂಧದ ಕೊನೆಗೆ 'ಕಾರಣ' ಎಂದು ಬರೆದುಬಿಡಿ ಎಂದು ಯಾರೋ ಹಿರಿಯರು ಹೇಳಿದ್ದರಂತೆ, ಇವರು ಬರೆಯಲಿಲ್ಲವಂತೆ. ಪದವಿ ಬಂತು, ಮುಂದಿನ ಕೆಲಸ ಬರಲಿಲ್ಲ. ಇದನ್ನು ಅವರು ದೂರಿನ ಹಾಗೆ ಹೇಳಲಿಲ್ಲ. ನಾನೇ ದೂರಿನ ಹಾಗೆ ಬರೆಯುತ್ತಿದ್ದೇನೆ.

ನಮ್ಮೂರು ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ದಾರಿಯಲ್ಲಿದೆ. ಮೇಡಂ ಪೇಟೆಯಲ್ಲಿ ಮನೆ ಹುಡುಕಿದಾಗ ಎಲ್ಲರೂ "ಇನ್ಯಾರ್ಯಾರು ಇರ್ತೀರಾ?" ಎಂದು ಕೇಳಿದ್ದರಂತೆ. ಅದನ್ನು ಕೇಳದೆ ರೂಮು ಕೊಟ್ಟವರು ನಮ್ಮ ದೊಡ್ಡಮ್ಮ, ಗೋಡೆಯಾಚೆಯ ಮನೆಯವರು. ಅವರ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಮನೆಯಲ್ಲಿ ಅವರು, ದೊಡ್ಡಪ್ಪ, ಹಿಂದುಗಡೆ ಹುಳು ಮನೆ ತುಂಬ ರೇಷ್ಮೆ ಹುಳ. ಮುಂದಿನ ರೂಮು ಖಾಲಿ ಬಿದ್ದಿತ್ತು.

ಆ ರೂಮಿನಲ್ಲಿ ಒಂದೇ ಕುರ್ಚಿ. ನಾನು ಹೋದರೆ ನನಗೆ ಕುರ್ಚಿ ತೋರಿಸಿ ಅವರು ಕಿಟಕಿಗೆ ಒರಗಿ ನಿಲ್ಲುತ್ತಿದ್ದರು. ಇನ್ನೊಂದು ಕುರ್ಚಿ ತಂದುಕೊಳ್ಳಿ ಮೇಡಂ ಅಂದರೆ, "ಯಾರಿಗೆ?" ಅಂದರು. ಬರಿಯ ಪ್ರಶ್ನೆ, ಅದರಲ್ಲಿ ದುಃಖ ಹುಡುಕಿಕೊಂಡದ್ದು ನಾನು. ಬೆಳಿಗ್ಗೆ ಮಾಡಿದ ಉಪ್ಪಿಟ್ಟೇ ಸಂಜೆಗೂ. ಊರಿನ ಮದುವೆಗೆ ಬರಲಿಲ್ಲ, ನಾಮಕರಣಕ್ಕೆ ಬರಲಿಲ್ಲ. ಭಾನುವಾರ ಮಾತ್ರ ಬಸ್ಸು ಹತ್ತಿ ರಾಮನಗರಕ್ಕೆ ಹೋಗಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಪತ್ರಿಕೆ ಓದುತ್ತಾ ಕೂತು ಮಧ್ಯಾಹ್ನಕ್ಕೆ ವಾಪಸಾಗುತ್ತಿದ್ದರು. ಅಲ್ಲಿ ಏನು ಕೆಲಸ ಎಂದು ಕೇಳಿದ್ದೆ.

"ಏನಿಲ್ಲ. ಬಸ್ ಸ್ಟ್ಯಾಂಡಲ್ಲಿ ಒಬ್ಬಳೇ ಕೂತ ಹೆಂಗಸನ್ನ ಯಾಕೆ ಒಬ್ಬಳೇ ಕೂತಿದೀಯ ಅಂತ ಯಾರೂ ಕೇಳಲ್ಲ. ಬಸ್ಸಿಗೆ ಕಾಯ್ತಿದಾಳೆ ಅಂದುಕೊಳ್ತಾರೆ."

ಇನ್ನೊಮ್ಮೆ, ಹಿಪ್ಪುನೇರಳೆ ಸೊಪ್ಪಿನ ತೋಟದ ಕಡೆ ಕಣ್ಣಿಟ್ಟುಕೊಂಡು, ತಮಗೇ ಹೇಳಿಕೊಂಡಂತೆ, "ಅಷ್ಟು ಜನ ಹೆಂಗಸರನ್ನ ನೋಡಿದೆ. ಎಲ್ಲರೂ ಸ್ಲೈಡಿನ ಗಾಜಿನ ಮೇಲೆ, ಬಣ್ಣ ಹಾಕಿ, ನಂಬರ್ ಅಂಟಿಸಿ. ಒಬ್ಬರ ಮುಖಾನೂ ನೋಡಿಲ್ಲ" ಅಂದರು. ನಾನು ಏನಾದರೂ ಹೇಳುವುದರೊಳಗೆ, "ಹೋಗು, ನಿಮ್ಮಮ್ಮ ಕರೀತಿದಾರೆ" ಎಂದು ಎಬ್ಬಿಸಿದರು. ಅಮ್ಮ ಕರೆದಿರಲಿಲ್ಲ.

ಹುಳು ಮನೆಗೆ ನಮ್ಮ ಕಡೆ ಇರುವ ಕಟ್ಟಳೆ ರೇಷ್ಮೆ ಸಾಕುವವರಿಗೆಲ್ಲ ಗೊತ್ತು. ಹೊರಗಿನವರು ಒಳಗೆ ಬರಬಾರದು, ಸ್ನಾನವಿಲ್ಲದೆ ಹೋಗಬಾರದು, ಮುಟ್ಟಾದ ಹೆಂಗಸಂತೂ ಬಾಗಿಲ ಹತ್ತಿರವೂ ಸುಳಿಯಬಾರದು. ಹುಳಕ್ಕೆ ರೋಗ ಬರುತ್ತದೆ. ಸ್ವಚ್ಛತೆಯ ಭಾಗವನ್ನು ಒಪ್ಪುತ್ತೇನೆ. ಕೊನೆಯದಕ್ಕೆ ದೊಡ್ಡಮ್ಮನ ಜೊತೆ ನನ್ನ ಜಗಳ ತಿಂಗಳಿಗೊಂದು ಸಲ ಇದ್ದದ್ದೇ.

"ಹುಳಕ್ಕೆ ಹೆಂಗ್ ಗೊತ್ತಾಗುತ್ತೆ ದೊಡ್ಡಮ್ಮ, ನಾನು ಮುಟ್ಟಾಗಿರೋದು?"

"ಗೊತ್ತಾಯ್ತದೆ."

"ಯಾರ್ ಹೇಳ್ತಾರೆ ಅದಕ್ಕೆ?"

"ನಿಂಗೆ ಮಾತ್ ಬತ್ತದೆ ಕಣಮ್ಮಿ, ಅದ್ಕೆ ಬರಕಿಲ್ಲ. ಅದ್ಕೇ ಅದ್ರ ಪರ್ವಾಗಿ ನಾನ್ ಮಾತಾಡದು. ಆಚಿಕ್ ನಿಂತ್ಕೊ."

ನಾನು ಗೆದ್ದ ಕಪ್ಪುಗಳೆಲ್ಲ ಅಲ್ಲಿ ಬರಿಯ ಹಿತ್ತಾಳೆ. ದೊಡ್ಡಮ್ಮನಿಗೆ ಮುಟ್ಟು ನಿಂತು ಕೆಲವು ವರ್ಷಗಳಾಗಿದ್ದವು, ಆದ್ದರಿಂದ ಹುಳು ಮನೆಗೆ ಅವರೇ ಯಜಮಾನಿ. ಅವರ ಕೈಗುಣ ಒಳ್ಳೆಯದು, ಬೆಳೆ ಕೆಡುವುದಿಲ್ಲ ಎನ್ನುವುದು ಊರಿನ ಮಾತು. ರಾಮನಗರದ ಗೂಡಿನ ಮಾರುಕಟ್ಟೆಯಿಂದ ದೊಡ್ಡಪ್ಪ ಮೀಸೆ ತಿರುವಿಕೊಂಡೇ ಬರುತ್ತಿದ್ದರು.

ನಾನು ಕೊನೆಯ ವರ್ಷದಲ್ಲಿದ್ದಾಗ, ಬೇಸಿಗೆ ಶುರುವಿನಲ್ಲಿ, ಬೆಳಗಿನ ಬಸ್ಸಿನಲ್ಲಿ ಮೇಡಂ ನನ್ನ ಪಕ್ಕ ಕೂತು ಇದ್ದಕ್ಕಿದ್ದಂತೆ ಕೇಳಿದರು.

"ಈ ತಿಂಗಳು ನಿನಗೆ ಎರಡು ಸಲ ಆಯ್ತಾ?"

"ಮೇಡಂ, ಬಸ್ಸು!"

"ಬಸ್ಸು ಅಂತ ಗೊತ್ತು. ಆಯ್ತಾ ಇಲ್ವಾ?"

"ಇಲ್ಲ. ಯಾಕೆ?"

"ಹಿತ್ತಲಲ್ಲಿ ಹಗ್ಗದ ಮೇಲೆ ಸೀರೆ ಕೆಳಗೆ ಬಟ್ಟೆ ಒಣಗ್ತಿತ್ತು. ಹೋದ ವಾರಾನೂ ಇತ್ತು. ನಿಮ್ಮ ದೊಡ್ಡಮ್ಮನ್ನ ಕೇಳಿದೆ. ನಮ್ಮ ಹುಡುಗೀದು ಅಂದರು."

"ನಾನು ಬಟ್ಟೆ ಬಳಸೋದೇ ಇಲ್ಲ ಮೇಡಂ. ಪ್ಯಾಡು."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಚನ್ನಪಟ್ಟಣ ಬರುವ ತನಕ ಹಾಕಿಕೊಳ್ಳಲೇ ಇಲ್ಲ.

ನನಗೆ ಅರ್ಥವಾಗಲು ಒಸಿ ಹೊತ್ತು ಹಿಡಿಯಿತು. ನಿಂತು ವರ್ಷಗಳಾದ ಮೇಲೆ ದೊಡ್ಡಮ್ಮನಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು, ಅದೂ ತಿಂಗಳುಗಳಿಂದ. ಹೇಳಿದರೆ ಹುಳು ಮನೆಗೆ ಹೋಗುವಂತಿಲ್ಲ, ಸೊಪ್ಪು ಹಾಕಲು ಆ ಮನೆಯಲ್ಲಿ ಬೇರೆ ಹೆಂಗಸಿಲ್ಲ. ಅದಕ್ಕೆ ಬಟ್ಟೆ ಸೀರೆಯ ಕೆಳಗೆ, ಬಾಯಿ ಸೆರಗಿನ ಕೆಳಗೆ. ಅರ್ಥವಾದ ಕೂಡಲೇ ನನ್ನ ತಲೆಗೆ ಬಂದದ್ದು, ನಾಚಿಕೆಯಿಲ್ಲದೆ ಹೇಳುತ್ತೇನೆ, ವಾದ.

ಸಂಜೆ ಅವರ ರೂಮಿಗೆ ನುಗ್ಗಿದೆ. "ಮೇಡಂ, ತಿಂಗಳುಗಟ್ಟಲೆ ಒಳಗೆ ಹೋಗ್ತಾನೇ ಇದಾರೆ, ಒಂದು ಬೆಳೆಯೂ ಕೆಟ್ಟಿಲ್ಲ! ಇದಕ್ಕಿಂತ ಸಾಕ್ಷಿ ಬೇಕಾ? ಈಗ್ಲೇ ಹೋಗಿ ಕೇಳ್ತೀನಿ."

"ಕೇಳಿ?"

"ಕಟ್ಟಳೆ ಸುಳ್ಳು ಅಂತ ಅವರಿಗೆ ಗೊತ್ತಾಗುತ್ತೆ."

"ಅವರಿಗೆ ಗೊತ್ತಾಗೋದು ಬೇರೆ. ತಾನು ಕದ್ದು ಒಳಗೆ ಹೋಗಿದ್ದು ಹೊರಗೆ ಬಿತ್ತು ಅಂತ ಗೊತ್ತಾಗುತ್ತೆ. ನಾಳೆಯಿಂದ ಬಟ್ಟೇನ ಇನ್ನೂ ಚೆನ್ನಾಗಿ ಬಚ್ಚಿಡ್ತಾರೆ." ಕಿಟಕಿಯಿಂದ ಈಚೆ ಬಂದು ನನ್ನೆದುರು ನಿಂತರು. "ನಿನ್ನ ವಾದ ಸರಿಯಾಗೇ ಇದೆ. ಅವರು ಆಸ್ಪತ್ರೆಗೆ ಹೋಗಬೇಕು, ಅಷ್ಟೇ ಈಗ ಇರೋದು. ಅದು ಆಗೋವರೆಗೂ ಬಾಯಿ ಮುಚ್ಚಿಕೊಂಡಿರು."

ಜಗಲಿಯಲ್ಲಿ ದೊಡ್ಡಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. ದೊಡ್ಡಪ್ಪ ತೋಟದಲ್ಲಿದ್ದರು. ಮೇಡಂ ಹೋಗಿ ಅವರ ಮುಂದೆ ನೆಲದ ಮೇಲೆ ಕೂತರು. ಅವರು ನೆಲಕ್ಕೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೋಡ್ರಮ್ಮ, ಆ ಬಟ್ಟೆ ಹುಡುಗೀದಲ್ಲ."

ದೊಡ್ಡಮ್ಮ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಸೊಪ್ಪಿನ ಕಡೆ ತಿರುಗಿ, "ಉಷ್ಣ ಕಣ್ರವ್ವ. ಹೋಯ್ತದೆ" ಅಂದರು.

"ಇರಬಹುದು. ನಿಂತ ಮೇಲೆ ಮತ್ತೆ ಕಾಣಿಸಿಕೊಂಡರೆ ಒಳಗೆ ನೋಡಿಸಲೇಬೇಕು. ಏನು ಅಂತ ನನಗೆ ಗೊತ್ತಿಲ್ಲ."

"ನೀವ್ ಅದ್ನೇ ಓದಿರದು ಅಂತಾಳೆ ಇವ್ಳು?"

"ಓದಿರೋದಕ್ಕೇ ಗೊತ್ತಿಲ್ಲ ಅಂತಿರೋದು. ಡಾಕ್ಟರು ನೋಡಬೇಕು. ಬೇಗ ನೋಡಿದರೆ ಮಾಡೋಕೆ ದಾರಿ ಇರುತ್ತೆ. ತಡ ಆದಷ್ಟೂ ದಾರಿ ಮುಚ್ಚುತ್ತೆ."

"ಹುಳ ನಾಕ್ನೇ ಜ್ವರ ಎದ್ದವೆ ಮೇಡಮ್ಮೋರೆ. ಈಗ್ ಹಸಿವೋ ಹಸಿವು. ಹಣ್ಣಾಗಿ ಗೂಡ್ ಕಟ್ಲಿ, ಆಮ್ಯಾಲ್ ನೋಡಾನ."

ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟುವವರೆಗೆ ಹಗಲು ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ಆ ಬೆಳೆ ಮುಗಿದರೆ ಮತ್ತೊಂದು ಬರುತ್ತದೆ. ದೊಡ್ಡಮ್ಮನ 'ಆಮ್ಯಾಲೆ' ಅಷ್ಟು ತಿಂಗಳಿಂದ ಹೀಗೇ ಮುಂದೆ ಹೋಗುತ್ತಿತ್ತು.

"ನಾನು ಹಾಕ್ತೀನಿ ಸೊಪ್ಪು," ಅಂದರು ಮೇಡಂ. "ನನಗೂ ನಿಂತು ವರ್ಷಗಳಾಯ್ತು. ನಿಮ್ಮ ಕಟ್ಟಳೆ ಪ್ರಕಾರ ನಾನು ಒಳಗೆ ಹೋಗಬಹುದಲ್ಲ?"

ದೊಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವಾ? ಕ್ಲಾಸಲ್ ಹುಡುಗ್ರು ಸುಮ್ಕೆ ಕೂತಿದ್ರೆ ನಿಮಗೆ ನೆಮ್ದಿ. ಹುಳ ಸುಮ್ಕೆ ಕೂತ್ರೆ ಎದೆ ಒಡಿಬೇಕು. ಆಯ್ತದ ನಿಮ್ಮ ಕೈಲಿ?"

"ಕಲಿಸಿ."

ಕಲಿಸಿದರು. ಸೊಪ್ಪು ಒದ್ದೆ ಇರಬಾರದು, ತಟ್ಟೆ ಅಲುಗಿಸಬಾರದು, ಹಣ್ಣಾಗಿ ಗೂಡಿಗೆ ತಯಾರಾದ ಹುಳದ ಮೈ ಬೆಳಕಿಗೆ ಹಿಡಿದರೆ ಹೇಗೆ ಕಾಣುತ್ತದೆ. ಮೇಡಂ ಕಾಲೇಜಿಗೆ ರಜೆ ಹಾಕಿ, ತಲೆಗೆ ಸ್ನಾನ ಮಾಡಿ, ದೊಡ್ಡಮ್ಮ ಕೊಟ್ಟ ಹಳೆಯ ಸೀರೆ ಉಟ್ಟು ಒಳಗೆ ಹೋದರು. ನನಗೆ ತಡೆಯಲಾಗಲಿಲ್ಲ.

"ನೀವೂ ಆ ಕಟ್ಟಳೆಗೆ ತಲೆ ಬಗ್ಗಿಸಿದ್ರಲ್ಲ ಮೇಡಂ!"

"ಬಗ್ಗಿಸಿದೆ. ಬಾಗಿಲು ಗಿಡ್ಡ ಇದೆ. ಮೊದಲು ಅವರನ್ನ ಬಸ್ಸು ಹತ್ತಿಸು, ಆಮೇಲೆ ಕೂತು ವಾದ ಮಾಡೋಣ."

ರಾಮನಗರದ ಆಸ್ಪತ್ರೆಗೆ ದೊಡ್ಡಮ್ಮನನ್ನು ಕರೆದುಕೊಂಡು ಹೋದವಳು ನಾನು. ಒಳಗೆ ನೋಡಿದ ಲೇಡಿ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ರಕ್ತ ಬಹಳ ಹೋಗಿದೆ ಎಂದು ದೊಡ್ಡಮ್ಮನನ್ನು ಅಲ್ಲೇ ಇರಿಸಿಕೊಂಡರು. ಹಾಸಿಗೆ ಮೇಲಿಂದ ದೊಡ್ಡಮ್ಮ ಮಾಡಿದ್ದು ಫೋನು. "ಮೇಡಮ್ಮೋರೆ, ತಿಂತಾವಾ? ಪಡುವಲ ಗೋಡೆ ತಾವ್ ಇರವು ಒಸಿ ಸಣ್ಣವು, ಅವಕ್ ಎಳೇದು ಹಾಕಿ." ಆ ಕಡೆಯಿಂದ ಮೇಡಂ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಪ್ಪಿಸುತ್ತಿದ್ದರು. ಫೋನಿಟ್ಟು ದೊಡ್ಡಮ್ಮ, "ಪಾಪ, ಆಯಮ್ಮಂಗೆ ಹುಳದ ಮೇಲೆ ಒಳ್ಳೇ ಆಸೆ ಬಂದ್ಬುಟ್ಟದೆ" ಎಂದು ನಗುತ್ತಿದ್ದರು. ವರದಿ ಬಂದ ದಿನ ನಗಲಿಲ್ಲ. ಗರ್ಭಕಂಠದ ಕ್ಯಾನ್ಸರ್. ಹತ್ತಿರದಲ್ಲೇ ಇದೆ, ದೂರಕ್ಕೆ ಹರಡಿಲ್ಲ, ಬೆಂಗಳೂರಿಗೆ ಹೋಗಿ ಎಂದರು ಡಾಕ್ಟರು.

ಬೆಂಗಳೂರಿಗೆ ಹೋದೆವು. 'ಕರೆಂಟು ಕೊಡುವುದು', ಅಂದರೆ ವಿಕಿರಣ ಚಿಕಿತ್ಸೆ, ವಾರಗಟ್ಟಲೆ ನಡೆಯಿತು. ಊರಿಗೆ ದೊಡ್ಡಪ್ಪ ಹೇಳಿದ್ದು ಮಂಡಿ ನೋವು. ಅದು ದೊಡ್ಡಮ್ಮ ಹಾಕಿದ ಷರತ್ತು. ಆ ರೋಗ ಯಾರಿಗೆ ಬರುತ್ತದೆ ಎಂದು ಜನ ಏನೇನು ಆಡಿಕೊಳ್ಳುತ್ತಾರೆಂದು ಅವರು ಕೇಳಿಸಿಕೊಂಡಿದ್ದರು, ಬಹುಶಃ ತಾವೂ ಆಡಿದ್ದರು. ಈ ಬರಹದಲ್ಲಿ ಯಾರ ಹೆಸರೂ ಇಲ್ಲದಿರುವುದಕ್ಕೂ ಅದೇ ಷರತ್ತು.

ನಾವು ಬೆಂಗಳೂರಿಗೆ ಹೋದ ವಾರವೇ ಇತ್ತ ಹುಳು ಮನೆಯಲ್ಲಿ ಬೆಳೆ ಕೆಟ್ಟಿತು. ಆ ವಾರ ಬಿಸಿಲು ಏಕಾಏಕಿ ಏರಿತ್ತು. ಮೇಡಂ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದರು, ನೆಲಕ್ಕೆ ನೀರು ಹೊಡೆದರು, ದೊಡ್ಡಪ್ಪನೂ ಜೊತೆಗೂಡಿದರು. ಹುಳ ತಿನ್ನುವುದು ಬಿಟ್ಟವು. ಮೈ ಮೆತ್ತಗಾಗಿ, ಕಪ್ಪಾಗಿ, ತಟ್ಟೆ ತಟ್ಟೆಯೇ ವಾಸನೆ. ನಮ್ಮ ಕಡೆ ಸ್ಥಿತಿವಂತರ ಮನೆಯಲ್ಲೂ ಒಂದು ಬೆಳೆ ಪೂರಾ ಹೋದರೆ ಸಾವಾದ ಮನೆಯ ಹಾಗೆ ಜನ ಬಂದು ನಿಲ್ಲುತ್ತಾರೆ. ನಾನು ಬಟ್ಟೆ ಒಯ್ಯಲು ಊರಿಗೆ ಬಂದ ದಿನವೇ ಅದು. ಗುಂಪಿನ ನಡುವೆ ದೊಡ್ಡಪ್ಪ ಕೂಗುತ್ತಿದ್ದರು.

"ಯಾವತ್ತೂ ಕೆಡ್ದಿರೋ ಬೆಳೆ ಈಗ್ಯಾಕ್ ಕೆಡ್ತು? ಗೊತ್ತು ಗುರಿ ಇಲ್ದೋರ್ನ ಒಳಿಕ್ ಬುಟ್ಟಿದ್ದೇ ಕಾರಣ! ಗಂಡ ಇಲ್ಲ ಮಕ್ಕಳಿಲ್ಲ, ಅಂಥೋರ್ ಕೈ ಎಂಗ್ ಹತ್ತದು?"

ಅವರು ಕೆಟ್ಟವರಲ್ಲ. ಅದೇ ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು, "ಉಳೀತಾಳಾ ಮಗಾ?" ಎಂದು ಕೇಳಿ ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಹೆದರಿದ ಮನುಷ್ಯನಿಗೆ ಬೈಯಲು ಯಾರಾದರೂ ಬೇಕು.

ನಾನು ಬಾಯಿ ತೆರೆದೆ. ಬಿಸಿಲಿನ ಮಾತು, ಪಕ್ಕದೂರಿನಲ್ಲೂ ಕೆಟ್ಟ ಬೆಳೆಯ ಮಾತು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಮೇಡಂ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಮಾತು ಶುರುವಾದರೆ, ಇವರನ್ನು ಯಾಕೆ ಒಳಗೆ ಬಿಟ್ಟಿರಿ ಎಂದು ಯಾರಾದರೂ ಕೇಳುತ್ತಿದ್ದರು. ಅಲ್ಲಿಂದ ಮಂಡಿ ನೋವಿನ ಬಣ್ಣ ಬಯಲಾಗಲು ಎರಡು ಪ್ರಶ್ನೆ ಸಾಕು. 'ಕಾರಣ' ಎಂಬ ಪದಕ್ಕಾಗಿ ಇಡೀ ಜೀವನ ಜಗಳ ಕಾದ ಹೆಂಗಸು, ಆ ಗುಂಪಿನ ಮುಂದೆ ಸತ್ತ ಹುಳಗಳ ವಾಸನೆ ಅಂಟಿದ ಸೀರೆಯಲ್ಲಿ ನಿಂತು, "ಇರಬಹುದು" ಅಂದರು. ಅಷ್ಟೆ.

ಆ ಸಂಜೆ ರೂಮಿನಲ್ಲಿ ಪುಸ್ತಕ ಕಟ್ಟುತ್ತಾ, "ಅವಕ್ಕೂ ಇರುತ್ತೆ ಆಸರೆ, ಹುಳಗಳಿಗೂ. ಒಂದು ಮಟ್ಟದ ಬಿಸಿವರೆಗೆ ತಡ್ಕೊಳ್ತವೆ" ಅಂದರು. ಮಾಗಡಿಗೆ ವರ್ಗ ಕೇಳಿಕೊಂಡರು, ಸಿಕ್ಕಿತು. ದೊಡ್ಡಮ್ಮ ಬೆಂಗಳೂರಿನಿಂದ ಬರುವಷ್ಟರಲ್ಲಿ ಮುಂದಿನ ರೂಮು ಖಾಲಿ.

"ಕಳಿಸ್ಬುಟ್ರಾ?" ಎಂದು ದೊಡ್ಡಪ್ಪನನ್ನು ಕೇಳಿದ ದೊಡ್ಡಮ್ಮ ಆಮೇಲೆ ಬಹಳ ದಿನ ಅವರ ಜೊತೆ ಮಾತು ಬಿಟ್ಟರು. ಆದರೆ ಮಾಗಡಿಗೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ನಂಬರು ಹಾಕಿಕೊಡುತ್ತೇನೆ ಅಂದರೆ, "ಏನಂತ ಮಾತಾಡ್ಲಿ?" ಅನ್ನುತ್ತಿದ್ದರು. ವರ್ಷಗಳು ಹೋದವು. ದೊಡ್ಡಮ್ಮ ಗಟ್ಟಿಯಾದರು, ಮತ್ತೆ ಹುಳ ಸಾಕಿದರು.

ನಾನು ಮಾತ್ರ ಆಗಾಗ ಮಾಗಡಿಗೆ ಹೋಗಿ ಬರುತ್ತಿದ್ದೆ. ಅಲ್ಲಿಯೂ ಒಂಟಿ ಮನೆ, ಅದೇ ಉಪ್ಪಿಟ್ಟು. ಬಾಗಿಲು ತೆರೆದ ಕೂಡಲೇ ನನ್ನನ್ನು ಹೇಗಿದ್ದೀಯ ಎಂದು ಕೇಳುತ್ತಿರಲಿಲ್ಲ, "ನಿಮ್ಮ ದೊಡ್ಡಮ್ಮ ಚೆಕಪ್ಪಿಗೆ ಹೋಗ್ತಿದಾರಾ?" ಒಮ್ಮೆ ನನಗೆ ಕೆಣಕುವ ಮನಸ್ಸಾಯಿತು. "ಮೇಡಂ, ನ್ಯಾಯವಾಗಿ ನೋಡಿದರೆ ದೊಡ್ಡಮ್ಮ ಉಳಿದದ್ದು ನಿಮ್ಮ ಪ್ರೋಟೀನಿನಿಂದ ಅಲ್ಲ. ಒಂದು ಬಸ್ಸು, ಒಬ್ಬ ಡಾಕ್ಟರು, ಕರೆಂಟು. ನಿಮ್ಮ ಸಂಶೋಧನೆಗೂ ಅದಕ್ಕೂ ಸಂಬಂಧ ತೋರಿಸಿ ನೋಡೋಣ."

ಕನ್ನಡಕ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಸಂಬಂಧ ಇಲ್ಲ," ಅಂದರು. "ಸರಿಯಾಗಿ ಹೇಳಿದೆ." ನನಗೆ ಅವರಿಂದ ಸಿಕ್ಕ ಒಂದೇ ಹೊಗಳಿಕೆ ಅದು, ಅದನ್ನು ಹಿಂದಕ್ಕೆ ಕೊಟ್ಟುಬಿಡೋಣ ಅನ್ನಿಸಿತು.

ಅವರು ಹೋದದ್ದು ಹೃದಯಾಘಾತದಿಂದ, ನಿವೃತ್ತಿಯಾದ ಸ್ವಲ್ಪ ದಿನಕ್ಕೆ. ಹಾಲಿನವನು ಬಾಗಿಲು ಬಡಿದು ಬಡಿದು ಪಕ್ಕದವರನ್ನು ಕರೆದನಂತೆ. ತಿಥಿಯ ದಿನ ನಾನು ಹೊರಟಾಗ ದೊಡ್ಡಮ್ಮ ಬಸ್ಸಿನ ಹತ್ತಿರ ಬಂದು ನಿಂತಿದ್ದರು, ಒಳ್ಳೆಯ ಸೀರೆ ಉಟ್ಟು. "ನಾನೂ ಬತ್ತೀನಿ" ಅಂದರು. ಮಾಗಡಿಯಲ್ಲಿ ಇಳಿದಾಗ ನನ್ನ ತೋಳು ಹಿಡಿದು, "ಅಲ್ಲಿ ನನ್ ವಿಚಾರ ಎತ್ಬೇಡ" ಎಂದು ಮಾತು ತೆಗೆದುಕೊಂಡರು.

ಹೆಚ್ಚು ಜನ ಇರಲಿಲ್ಲ. ಕಾಲೇಜಿನ ನಾಲ್ಕೈದು ಮಂದಿ ಊಟ ಮುಗಿಸಿ ಹೊರಟರು. ಉಳಿದವರು ಮೇಡಂ ಅವರ ತಮ್ಮ. ದೂರದ ಊರಿನಿಂದ ಬಂದು ಮನೆ ಖಾಲಿ ಮಾಡಿಸುತ್ತಿದ್ದ, ಅಕ್ಕನಂತೆಯೇ ಎತ್ತರದ, ದಣಿದ ಮನುಷ್ಯ. ದೊಡ್ಡಮ್ಮನಿಗೆ ಕೈ ಮುಗಿದು, "ತಾವು ಏನಾಗಬೇಕು?" ಎಂದು ಕೇಳಿದರು.

"ಬಾಡಿಗೆಗಿದ್ರು ನಮ್ಮನೇಲಿ."

"ಓ." ಗೋಡೆಗೆ ಒರಗಿಸಿಟ್ಟಿದ್ದ ಪುಸ್ತಕದ ಕಟ್ಟುಗಳ ಕಡೆ ನೋಡಿದರು. "ಇದನ್ನೆಲ್ಲ ಏನು ಮಾಡೋದು ಅಂತಾನೇ ತಿಳೀತಿಲ್ಲ. ಮದುವೆ ಬೇಡ ಅಂದಳು, ಮನೆಗೆ ಬಂದಿರು ಅಂದರೆ ಬರಲಿಲ್ಲ, ಓದು ಓದು. ನಾವೂ ಕೇಳೋದು ಬಿಟ್ಟೆವು. ಅಷ್ಟೆಲ್ಲ ಓದಿದ್ದರಿಂದ ಯಾರಿಗೇನಾಯ್ತಮ್ಮ? ಒಬ್ಬರಿಗಾದರೂ ಏನಾದರೂ ಆಯ್ತಾ?"

ನನ್ನ ಹತ್ತಿರ ಉತ್ತರ ಇತ್ತು. ಮಾತೂ ಕೊಟ್ಟಿದ್ದೆ. ದೊಡ್ಡಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದರು.

"ಆಯ್ತು ಸ್ವಾಮಿ," ಅಂದರು. "ಒಬ್ರಿಗ್ ಆಯ್ತು."

ಅವರು ತಿರುಗಿ ನೋಡಿದರು. "ಯಾರಿಗೆ?"

"ನಮ್ಮೂರಲ್ ಒಬ್ಳಿಗೆ. ಹೆಂಗ್ಸು. ಸಾಯೋ ಕಾಯ್ಲೆ ಬಂದಿತ್ತು, ಯಾರ್ಗೂ ಹೇಳ್ಕಂಡಿರ್ಲಿಲ್ಲ. ಇವ್ರೇ ಕಂಡು ಹಿಡ್ದು ಕಳಿಸ್ಕೊಟ್ರು."

"ಹೌದಾ? ನಮಗೆ ಹೇಳೇ ಇಲ್ಲ." ಆ ಮನುಷ್ಯ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಅಲ್ಲೇ ಕೂತುಬಿಟ್ಟರು. "ಆಕೆ ಈಗ?"

"ಅವ್ಳೆ ಸ್ವಾಮಿ," ಅಂದರು ದೊಡ್ಡಮ್ಮ. "ಚೆನ್ನಾಗವ್ಳೆ."